ಇನ್ಫರ್ಮ್ಯಾಟಿಕ್ಸ್ ಕಲಿಯಬಯಸುವ ವೈದ್ಯರಿಗೆ: ಎಲ್ಲಿಂದ ಶುರು, ಯಾವ ಕ್ರಮ, ಎಲ್ಲಿ ಎಡವುತ್ತೀರಿ

ವೈದ್ಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ಇನ್ಫರ್ಮ್ಯಾಟಿಕ್ಸ್ ಕಡೆಗೆ ಹೋಗಬೇಕೆಂದಿದ್ದೇನೆ, ಮೊದಲು ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಯಲಿ?" ಸದ್ಯಕ್ಕೆ ಯಾವುದೂ ಬೇಡ. ಕೋಡ್ ಬರೆಯುವ ಕೆಲಸ ಈ ಲೇಖನದಲ್ಲಿ ಆರನೆಯ ಹಂತಕ್ಕೆ ಬರುತ್ತದೆ, ಅದೂ ಸ್ವಲ್ಪವೇ. ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಬೇರೆ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಒಂದು ಮಾಹಿತಿ ಎಲ್ಲಿ ಹುಟ್ಟುತ್ತದೆ, ಯಾರ ಯಾರ ಕೈ ದಾಟುತ್ತದೆ, ಯಾವ ತಿರುವಿನಲ್ಲಿ ಕೆಡುತ್ತದೆ ಎಂಬುದು ಅದು. ಇದು ಗೊತ್ತಿಲ್ಲದೆ ಪೈಥಾನ್ ಕಲಿತವರು ಕೆಟ್ಟ ದತ್ತಾಂಶದಿಂದ ಅಂದವಾದ ನಕ್ಷೆ ಬಿಡಿಸುತ್ತಾರೆ, ಅಷ್ಟೆ.

ಎರಡು ಪದಗಳನ್ನು ಬಿಡಿಸಿ ಹೇಳಿಬಿಡುತ್ತೇನೆ. ರೋಗಿಯ ಆರೈಕೆಯಲ್ಲಿ ಹುಟ್ಟುವ ಮಾಹಿತಿಯನ್ನು ಹೇಗೆ ದಾಖಲಿಸಬೇಕು, ಹೇಗೆ ಸಾಗಿಸಬೇಕು, ಬೇಕಾದವರ ಮುಂದೆ ಬೇಕಾದ ಹೊತ್ತಿಗೆ ಹೇಗೆ ಇಡಬೇಕು ಎಂದು ನೋಡುವ ಶಾಖೆ ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್. ಎಕ್ಸ್‌ರೇ, ಸಿಟಿ, ಎಂಆರ್‌ಐ, ಅಲ್ಟ್ರಾಸೌಂಡ್ ಮುಂತಾದ ಚಿತ್ರಗಳ ಮತ್ತು ಅವುಗಳ ವರದಿಗಳ ಮಟ್ಟಿಗೆ ಅದೇ ಕೆಲಸ ಮಾಡುವುದು ಇಮೇಜಿಂಗ್ ಇನ್ಫರ್ಮ್ಯಾಟಿಕ್ಸ್. ಕಂಪ್ಯೂಟರ್ ರಿಪೇರಿ ಎರಡರಲ್ಲೂ ಸೇರಿಲ್ಲ. ಆದರೂ ನೀವು ಈ ಕಡೆ ಹೊರಳಿದಿರೆಂದು ತಿಳಿದ ದಿನದಿಂದ ವಾರ್ಡಿನ ಪ್ರಿಂಟರ್ ಕೆಟ್ಟರೂ ನಿಮಗೇ ಫೋನ್ ಬರುತ್ತದೆ. ಅದಕ್ಕೆ ಸಿದ್ಧರಾಗಿರಿ.

ಬೇಕಾಗುವುದು ಹೆಚ್ಚೇನಿಲ್ಲ: ಒಂದು ಸಾಧಾರಣ ಲ್ಯಾಪ್‌ಟಾಪ್, ವಾರಕ್ಕೆ ನಾಲ್ಕಾರು ಗಂಟೆ, ವಿಭಾಗದ ಮುಖ್ಯಸ್ಥರ ಒಪ್ಪಿಗೆ, ಮತ್ತು ನಿಮ್ಮ ಆಸ್ಪತ್ರೆಯ ಚಿತ್ರಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಿಬ್ಬಂದಿಯೊಬ್ಬರ ಸ್ನೇಹ. ಕೊನೆಯದಿಲ್ಲದಿದ್ದರೆ ಮಿಕ್ಕ ಮೂರರಿಂದ ದೊಡ್ಡ ಪ್ರಯೋಜನವಿಲ್ಲ.

1. ಎಷ್ಟು ಆಳಕ್ಕೆ ಇಳಿಯಬೇಕೆಂದು ಮೊದಲೇ ನಿರ್ಧರಿಸಿ

ಕೆಲವರಿಗೆ ತಾವು ದಿನವೂ ಬಳಸುವ ವ್ಯವಸ್ಥೆ ಅರ್ಥವಾದರೆ ಸಾಕು. ಅವರು ಕೆಳಗಿನ ಎರಡರಿಂದ ನಾಲ್ಕನೆಯ ಹಂತದವರೆಗೆ ಮಾಡಿ ನಿಲ್ಲಿಸಬಹುದು. ಇನ್ನು ಕೆಲವರು ರೋಗಿಗಳನ್ನು ನೋಡುತ್ತಲೇ ವಿಭಾಗದ ತಂತ್ರಾಂಶಗಳ ಹೊಣೆ ಹೊರಲು ಬಯಸುತ್ತಾರೆ. ಅಂಥವರಿಗೆ ಎಂಟೂ ಹಂತಗಳು ಬೇಕು. ಇದನ್ನೇ ವೃತ್ತಿಯಾಗಿಸಿಕೊಳ್ಳುವವರಿಗೆ ಔಪಚಾರಿಕ ತರಬೇತಿ ಇದೆ. ಅಮೆರಿಕದಲ್ಲಿ ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್ 2011ರಲ್ಲಿ ವೈದ್ಯಕೀಯದ ಉಪವಿಶೇಷತೆಯೆಂದು ಮಾನ್ಯತೆ ಪಡೆಯಿತು. ಮೊದಲ ಪ್ರಮಾಣೀಕರಣ ಪರೀಕ್ಷೆ 2013ರಲ್ಲಿ ನಡೆಯಿತು. ಅಲ್ಲಿ ಮೂಲ ವಿಶೇಷತೆ ಮುಗಿಸಿದ ಮೇಲೆ ಎರಡು ವರ್ಷಗಳ ಫೆಲೋಶಿಪ್ ಮಾಡಬೇಕು. ಮಕ್ಕಳ ತಜ್ಞರಾಗಲಿ, ರೋಗಶಾಸ್ತ್ರಜ್ಞರಾಗಲಿ, ರೇಡಿಯಾಲಜಿಸ್ಟರಾಗಲಿ ಸೇರಬಹುದು. ಇಮೇಜಿಂಗ್ ಇನ್ಫರ್ಮ್ಯಾಟಿಕ್ಸ್‌ಗೆಂದೇ ರೇಡಿಯಾಲಜಿ ವಿಭಾಗಗಳು ಸಾಮಾನ್ಯವಾಗಿ ಒಂದು ವರ್ಷದ ಫೆಲೋಶಿಪ್ ನಡೆಸುತ್ತವೆ.

ಚಿಕ್ಕ ಹಾದಿಗಳೂ ಇವೆ. ಅಮೆರಿಕದ ವೈದ್ಯಕೀಯ ಇನ್ಫರ್ಮ್ಯಾಟಿಕ್ಸ್ ಸಂಘವಾದ ಎಎಂಐಎ 2005ರಲ್ಲಿ '10x10' ಎಂಬ ಆನ್‌ಲೈನ್ ಪರಿಚಯ ಕೋರ್ಸ್ ಆರಂಭಿಸಿತು. ರೇಡಿಯಾಲಜಿ ರೆಸಿಡೆಂಟರಿಗಾಗಿ ಆರ್‌ಎಸ್‌ಎನ್‌ಎ ಮತ್ತು ಎಸ್‌ಐಐಎಂ ಎಂಬ ಎರಡು ಸಂಘಗಳು 2017ರಲ್ಲಿ ಒಂದು ವಾರದ ಆನ್‌ಲೈನ್ ಕೋರ್ಸ್ ಆರಂಭಿಸಿದವು. ವೈದ್ಯರಲ್ಲದವರೂ ಬರೆಯಬಹುದಾದ ಸಿಐಐಪಿ ಎಂಬ ಇಮೇಜಿಂಗ್ ಇನ್ಫರ್ಮ್ಯಾಟಿಕ್ಸ್ ಪ್ರಮಾಣಪತ್ರ 2007ರಿಂದ ಇದೆ.

ಎಚ್ಚರ: ಪ್ರಮಾಣಪತ್ರಗಳನ್ನು ಒಂದರ ಮೇಲೊಂದು ಕಲೆಹಾಕುತ್ತ ಒಂದು ಕೆಲಸವನ್ನೂ ಮುಗಿಸದವರು ಈ ಕ್ಷೇತ್ರದಲ್ಲಿ ಬೇಕಾದಷ್ಟು ಇದ್ದಾರೆ. ಕೋರ್ಸಿಗೆ ಸೇರುವ ಮೊದಲು ಎರಡನೆಯ ಹಂತವನ್ನಾದರೂ ಮುಗಿಸಿ. ಆಗ ಪಾಠಗಳಿಗೆ ಜೋತುಹಾಕಲು ನಿಮ್ಮದೇ ಗೂಟಗಳಿರುತ್ತವೆ.

2. ಒಂದೇ ಒಂದು ತಪಾಸಣೆಯ ಬೆನ್ನು ಹತ್ತಿ

ಇಡೀ ತರಬೇತಿಯಲ್ಲಿ ಒಂದೇ ಹಂತ ಮಾಡಲು ಬಿಡುವಿದೆ ಎಂದಾದರೆ ಇದನ್ನೇ ಮಾಡಿ. ಎದೆಯ ಸಿಟಿಯಂಥ ಒಂದು ತಪಾಸಣೆಯನ್ನು ಆರಿಸಿಕೊಳ್ಳಿ. ವೈದ್ಯರು ಅದನ್ನು ಬರೆದ ಕ್ಷಣದಿಂದ ವರದಿ ಅವರ ಪರದೆಗೆ ಮರಳುವ ತನಕ ಅದರ ಜೊತೆ ನಡೆಯಿರಿ. ಪ್ರತಿ ನಿಲುಗಡೆಯಲ್ಲೂ ಐದು ಪ್ರಶ್ನೆ ಕೇಳಿ ಕಾಗದದ ಮೇಲೆ ಬರೆಯಿರಿ: ಇಲ್ಲಿ ಯಾರಿದ್ದಾರೆ? ಯಾವ ತಂತ್ರಾಂಶ? ತಪಾಸಣೆಯನ್ನು ಯಾವ ಸಂಖ್ಯೆಯಿಂದ ಗುರುತಿಸುತ್ತಾರೆ? ಸಮಯ ತಾನಾಗಿ ದಾಖಲಾಗುತ್ತದೆಯೋ, ಯಾರಾದರೂ ಒತ್ತಬೇಕೋ? ಇದು ನಿಂತುಹೋದರೆ ಏನು ಮಾಡುತ್ತಾರೆ?

ಸಾಮಾನ್ಯವಾಗಿ ದಾರಿ ಹೀಗಿರುತ್ತದೆ. ವೈದ್ಯರು ಎಲೆಕ್ಟ್ರಾನಿಕ್ ದಾಖಲೆಯಲ್ಲಿ ಕೋರಿಕೆ ಬರೆಯುತ್ತಾರೆ. ಕೋರಿಕೆ ಆರ್‌ಐಎಸ್‌ಗೆ ಹೋಗುತ್ತದೆ. ರೇಡಿಯಾಲಜಿ ವಿಭಾಗದ ದಿನಚರಿ, ಸರದಿ, ವರದಿ ನೋಡಿಕೊಳ್ಳುವ ತಂತ್ರಾಂಶ ಅದು. ತಪಾಸಣೆಗೆ ಆಕ್ಸೆಶನ್ ಸಂಖ್ಯೆ ಸಿಗುತ್ತದೆ. ರೋಗಿಯ ಸಂಖ್ಯೆ ರೋಗಿಗೆ ಒಂದೇ, ಆಕ್ಸೆಶನ್ ಸಂಖ್ಯೆ ಪ್ರತಿ ಕೋರಿಕೆಗೂ ಬೇರೆ. ಸಿಟಿ ಯಂತ್ರದ ಪರದೆಯಲ್ಲಿ ಆ ದಿನದ ರೋಗಿಗಳ ಪಟ್ಟಿ, ಅಂದರೆ ವರ್ಕ್‌ಲಿಸ್ಟ್, ಕಾಣಿಸುತ್ತದೆ. ತಂತ್ರಜ್ಞರು ಅದರಿಂದ ಹೆಸರನ್ನು ಆರಿಸುತ್ತಾರೆ. ಚಿತ್ರಗಳು ಪ್ಯಾಕ್ಸ್‌ಗೆ, ಅಂದರೆ ಚಿತ್ರಗಳನ್ನು ಕೂಡಿಟ್ಟು ತೋರಿಸುವ ಭಂಡಾರಕ್ಕೆ, ಹೋಗುತ್ತವೆ. ರೇಡಿಯಾಲಜಿಸ್ಟ್ ಓದಿ ವರದಿ ಹೇಳುತ್ತಾರೆ, ಸಹಿ ಮಾಡುತ್ತಾರೆ, ವರದಿ ಮರಳಿ ದಾಖಲೆಗೆ ಸೇರುತ್ತದೆ.

ಕೆಡುವುದು ಈ ಕೊಂಡಿಗಳಲ್ಲಿಯೇ. ಗುರುತು ತಿಳಿಯದ ತುರ್ತು ರೋಗಿ ಬಂದರೆ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ತಂತ್ರಜ್ಞರು ಯಂತ್ರದ ಮೇಲೆ ಕೈಯಿಂದ ಏನೋ ಬರೆಯುತ್ತಾರೆ. ಆ ಚಿತ್ರಗಳು ಮುಂದೆ ಸರಿಯಾದ ರೋಗಿಗೆ ಜೋಡಣೆಯಾಗುವ ತನಕ ಅನಾಥವಾಗಿ ಬಿದ್ದಿರುತ್ತವೆ. ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ತಪ್ಪು ಸಾಲು ಒತ್ತಿಹೋಗುತ್ತದೆ. ಎದೆ, ಹೊಟ್ಟೆ, ಶ್ರೋಣಿ ಮೂರನ್ನೂ ಒಂದೇ ಸಲಕ್ಕೆ ಸ್ಕ್ಯಾನ್ ಮಾಡಿದರೂ ಕೋರಿಕೆಗಳು ಮೂರಿರುತ್ತವೆ. ಚಿತ್ರಗಳು ಒಂದರಡಿ, ವರದಿ ಇನ್ನೊಂದರಡಿ ಸೇರಿಕೊಂಡರೆ ಮೂರನೆಯದು ತಿಂಗಳುಗಟ್ಟಲೆ 'ಬಾಕಿ' ಎಂದೇ ತೋರುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ತಿದ್ದುಪಡಿ ವರದಿ. ಸಹಿಯಾದ ಮೇಲೆ ರೇಡಿಯಾಲಜಿಸ್ಟ್ ಒಂದು ಗಂಟನ್ನು ಗಮನಿಸಿ ಸೇರ್ಪಡೆ ಬರೆಯುತ್ತಾರೆ ಎಂದಿಟ್ಟುಕೊಳ್ಳಿ. ಅದು ಆರ್‌ಐಎಸ್‌ನಲ್ಲಿ ಇರುತ್ತದೆ. ಆದರೆ ಮೂಲ ವರದಿಯನ್ನು ಆಗಲೇ ಓದಿ ಮುಗಿಸಿದ ವೈದ್ಯರಿಗೆ ಹೊಸದೇನೋ ಬಂದಿದೆ ಎಂದು ತಿಳಿಯುವುದು ಹೇಗೆ? ನಿಮ್ಮ ಆಸ್ಪತ್ರೆಯಲ್ಲಿ ಈ ಪ್ರಶ್ನೆಗೆ ಮೂರು ಜನರಿಂದ ಉತ್ತರ ಕೇಳಿ. ಮೂರು ಬೇರೆ ಉತ್ತರ ಬಂದರೆ ನಿಮ್ಮ ಮೊದಲ ಯೋಜನೆ ಸಿಕ್ಕಿತು.

ಎಚ್ಚರ: ಈ ಹಂತವನ್ನು ಸಭೆ ಕರೆದು ಮಾಡಬೇಡಿ. ಸಭೆಯಲ್ಲಿ ಎಲ್ಲರೂ ನಿಯಮದಲ್ಲಿರುವುದನ್ನು ಹೇಳುತ್ತಾರೆ. ಯಂತ್ರದ ಪಕ್ಕ ಅರ್ಧ ದಿನ ಸುಮ್ಮನೆ ನಿಂತರೆ ನಿಜವಾಗಿ ನಡೆಯುವುದು ಕಾಣುತ್ತದೆ. ಪರದೆಯ ಅಂಚಿಗೆ ಅಂಟಿಸಿದ ಚೀಟಿಗಳನ್ನು ತಪ್ಪದೆ ಓದಿ. ತಂತ್ರಾಂಶದ ಪ್ರತಿಯೊಂದು ಕೊರತೆಯ ಬಗ್ಗೆಯೂ ಅಲ್ಲೊಂದು ಚೀಟಿ ಇರುತ್ತದೆ.

3. ಮಾನಕಗಳ ಪರಿಚಯ ಮಾಡಿಕೊಳ್ಳಿ

ಮಾನಕ ಎಂದರೆ ಬೇರೆ ಬೇರೆ ಕಂಪನಿಗಳ ಯಂತ್ರಗಳು ಮಾತಾಡಿಕೊಳ್ಳಲು ಒಪ್ಪಿಕೊಂಡ ಭಾಷೆ. ಚಿತ್ರಗಳದ್ದು ಡೈಕಾಮ್. 1985ರಲ್ಲಿ ಬಂದ ಹಳೆಯ ಮಾನಕವೊಂದು ಬೆಳೆದು 1993ರಲ್ಲಿ ಈ ಹೆಸರು ಪಡೆಯಿತು. ಡೈಕಾಮ್ ಕಡತದಲ್ಲಿ ಚಿತ್ರದ ಜೊತೆಗೆ ಒಂದು ಶೀರ್ಷಿಕೆ ಭಾಗ ಇರುತ್ತದೆ. ಅದರ ಪ್ರತಿ ಮಾಹಿತಿಗೂ ಒಂದು ಟ್ಯಾಗ್ ಸಂಖ್ಯೆ: 0010,0010 ಎಂದರೆ ರೋಗಿಯ ಹೆಸರು, 0010,0020 ರೋಗಿಯ ಸಂಖ್ಯೆ, 0008,0050 ಆಕ್ಸೆಶನ್ ಸಂಖ್ಯೆ, 0008,0060 ಯಾವ ಬಗೆಯ ಯಂತ್ರ ಎಂಬುದು. ಈ ನಾಲ್ಕು ಬಾಯಿಗೆ ಬಂದರೆ ಸಾಕು, ಉಳಿದುದನ್ನು ಬೇಕಾದಾಗ ಹುಡುಕಿಕೊಳ್ಳಬಹುದು.

ಕೋರಿಕೆ, ದಾಖಲಾತಿ, ವರದಿಗಳನ್ನು ಸಾಗಿಸುವುದು ಎಚ್‌ಎಲ್7. ಈ ಸಂಸ್ಥೆ 1987ರಲ್ಲಿ ಹುಟ್ಟಿತು. ಅದರ ಎರಡನೆಯ ಆವೃತ್ತಿಯ ಸಂದೇಶಗಳು, ನಡುನಡುವೆ ಉದ್ದಗೆರೆ ಹಾಕಿದ ಪಠ್ಯದ ಸಾಲುಗಳು, ಇಂದಿಗೂ ಅಸಂಖ್ಯ ಆಸ್ಪತ್ರೆಗಳಲ್ಲಿ ಓಡಾಡುತ್ತಿವೆ. ಪಿಐಡಿ ಎಂದು ಶುರುವಾಗುವ ಸಾಲು ರೋಗಿಯದು, ಒಬಿಆರ್ ಕೋರಿಕೆಯದು, ಒಬಿಎಕ್ಸ್ ಫಲಿತಾಂಶದ್ದು. ಅದೇ ಸಂಸ್ಥೆಯ ಹೊಸ ಮಾನಕ ಫೈರ್, ವೆಬ್ ತಾಣಗಳು ಮಾಹಿತಿ ಕೇಳುವ ರೀತಿಯಲ್ಲೇ ರೋಗಿಯ ದಾಖಲೆಯನ್ನು ತುಂಡುತುಂಡಾಗಿ ಕೇಳಲು ಬಿಡುತ್ತದೆ. ಹೊಸದನ್ನು ಕಲಿಯುವ ಹುಮ್ಮಸ್ಸಿನಲ್ಲಿ ಹಳೆಯದನ್ನು ಬಿಡಬೇಡಿ. ರಾತ್ರಿ ವರದಿ ಬರದೆ ನಿಂತಾಗ ನೀವು ಓದಬೇಕಾಗುವುದು ಬಹುತೇಕ ಎರಡನೆಯ ಆವೃತ್ತಿಯ ಸಂದೇಶವನ್ನೇ.

ಇನ್ನು ಪದಕೋಶಗಳು. ಪ್ರಯೋಗಾಲಯದ ಪರೀಕ್ಷೆಗಳ ಹೆಸರಿಗೆ ಲೋಯಿಂಕ್, ರೋಗಲಕ್ಷಣ ಮತ್ತು ರೋಗನಿದಾನಗಳಿಗೆ ಸ್ನೋಮೆಡ್, ರೇಡಿಯಾಲಜಿ ಪದಗಳಿಗೆ ರ‍್ಯಾಡ್‌ಲೆಕ್ಸ್. ಇವುಗಳ ಉದ್ದೇಶ ಗೊತ್ತಿದ್ದರೆ ಆರಂಭಕ್ಕೆ ಸಾಕು.

4. ನಿಮ್ಮದೇ ಅಭ್ಯಾಸದ ಪ್ಯಾಕ್ಸ್ ಕಟ್ಟಿ

ಆಸ್ಪತ್ರೆಯ ಚಾಲ್ತಿ ವ್ಯವಸ್ಥೆಯ ಮೇಲೆ ಪ್ರಯೋಗ ಮಾಡಬೇಡಿ. ಆರ್ಥಂಕ್ ಎಂಬ ಉಚಿತ, ಮುಕ್ತ ಆಕರದ ಡೈಕಾಮ್ ಸರ್ವರ್ ಇದೆ. ಅದನ್ನು ಲ್ಯಾಪ್‌ಟಾಪಿನಲ್ಲೇ ಸ್ಥಾಪಿಸಿಕೊಳ್ಳಬಹುದು. ಗುರುತು ಅಳಿಸಿದ ಸಿಟಿ, ಎಂಆರ್‌ಐ ಚಿತ್ರಗಳು ಟಿಸಿಐಎ ಎಂಬ ಕ್ಯಾನ್ಸರ್ ಚಿತ್ರ ಸಂಗ್ರಹದಲ್ಲಿ ಸಿಗುತ್ತವೆ. ಎಲೆಕ್ಟ್ರಾನಿಕ್ ದಾಖಲೆಗಳಿಗೆ ಸಿಂಥಿಯಾ ಬಳಸಿ. ಅದು ಇಲ್ಲದ ರೋಗಿಗಳನ್ನು, ಅವರ ಕಾಯಿಲೆ, ಔಷಧಗಳ ಸಮೇತ ಸೃಷ್ಟಿಸಿ ಕೊಡುವ ತಂತ್ರಾಂಶ.

ಇವಿಷ್ಟನ್ನು ಕ್ರಮವಾಗಿ ಮಾಡಿ: ಚಿತ್ರಗಳನ್ನು ಸರ್ವರಿಗೆ ಕಳಿಸಿ. ಬೇರೊಂದು ವೀಕ್ಷಕ ತಂತ್ರಾಂಶದಿಂದ ಹುಡುಕಿ. ಹಿಂದಕ್ಕೆ ತರಿಸಿಕೊಳ್ಳಿ. ಒಂದು ಕಡತದಲ್ಲಿ ರೋಗಿಯ ಸಂಖ್ಯೆಯನ್ನು ಬೇಕೆಂದೇ ತಪ್ಪಾಗಿಸಿ ಕಳಿಸಿ, ಅದು ಎಲ್ಲಿ ಹೋಗಿ ಕೂರುತ್ತದೆ ನೋಡಿ, ಸರಿಪಡಿಸಿ.

ಎಡವುವ ಜಾಗಗಳು ಎರಡು. ಡೈಕಾಮ್‌ನಲ್ಲಿ ಪ್ರತಿ ಯಂತ್ರಕ್ಕೂ ಎಇ ಟೈಟಲ್ ಎಂಬ ಹೆಸರಿರುತ್ತದೆ, ಅದು 16 ಅಕ್ಷರ ಮೀರುವಂತಿಲ್ಲ. ಎರಡೂ ಕಡೆ ಆ ಹೆಸರು, ವಿಳಾಸ, ಪೋರ್ಟ್ ಸಂಖ್ಯೆ ಅಕ್ಷರಶಃ ಹೊಂದಬೇಕು. ಎರಡನೆಯದು ಬಹಳ ಜನರನ್ನು ಸುಸ್ತು ಮಾಡಿದ್ದು: ಹುಡುಕಿದರೆ ಚಿತ್ರ ಸಿಗುತ್ತದೆ, ತರಿಸಿಕೊಳ್ಳಲು ಹೋದರೆ ಬರುವುದಿಲ್ಲ. ಕಾರಣವೇನೆಂದರೆ, ಸಿ-ಮೂವ್ ಎಂಬ ಆಜ್ಞೆಯಲ್ಲಿ ನೀವು ಚಿತ್ರವನ್ನು ಎಳೆದುಕೊಳ್ಳುವುದಿಲ್ಲ, ಸರ್ವರ್ ನಿಮ್ಮತ್ತ ಕಳಿಸುತ್ತದೆ. ನಿಮ್ಮ ಹೆಸರು, ವಿಳಾಸ ಸರ್ವರಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಎಲ್ಲಿಗೆಂದು ಕಳಿಸಬೇಕು?

5. ಗುರುತು ಅಳಿಸುವುದನ್ನು ಕಲಿಯಿರಿ, ಆಮೇಲೆ ದತ್ತಾಂಶ ಮುಟ್ಟಿ

ರೋಗಿಯ ಹೆಸರು ತೆಗೆದರೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಹೆಸರು ಅನೇಕ ಕಡೆ ಅಡಗಿರುತ್ತದೆ. ತಪಾಸಣೆಯ ವಿವರಣೆಯಂಥ ಖಾಲಿ ಜಾಗದಲ್ಲಿ ಯಾರೋ ಬರೆದಿರುತ್ತಾರೆ. ಯಂತ್ರ ತಯಾರಕರು ತಮಗೆಂದೇ ಇಟ್ಟುಕೊಂಡ ಖಾಸಗಿ ಟ್ಯಾಗ್‌ಗಳಲ್ಲಿ ಇರಬಹುದು. ಅಲ್ಟ್ರಾಸೌಂಡಿನಲ್ಲಂತೂ ಹೆಸರು ಚಿತ್ರದ ಮೇಲೆಯೇ ಅಚ್ಚಾಗಿರುತ್ತದೆ. ಟ್ಯಾಗ್ ಅಳಿಸುವ ಯಾವ ತಂತ್ರಾಂಶವೂ ಅದನ್ನು ಮುಟ್ಟುವುದಿಲ್ಲ. ಡೈಕಾಮ್ ಮಾನಕದ 15ನೇ ಭಾಗದಲ್ಲಿ ಯಾವ ಟ್ಯಾಗನ್ನು ಏನು ಮಾಡಬೇಕು ಎಂಬ ಪಟ್ಟಿಯೇ ಇದೆ. ನಿಮ್ಮದೇ ಪಟ್ಟಿ ಮಾಡುವ ಬದಲು ಅದನ್ನು ಅನುಸರಿಸಿ.

ತಲೆಯ ಸ್ಕ್ಯಾನ್ ಇನ್ನೊಂದು ತೊಡಕು. ಅದರಿಂದ ಮುಖವನ್ನೇ ಮರಳಿ ಕಟ್ಟಬಹುದು. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 84 ಸ್ವಯಂಸೇವಕರ ಎಂಆರ್‌ಐಗಳನ್ನು ಅವರ ಛಾಯಾಚಿತ್ರಗಳ ಜೊತೆ ಮುಖ ಗುರುತಿಸುವ ತಂತ್ರಾಂಶದಿಂದ ಹೋಲಿಸಿದಾಗ 70 ಜನರ ಗುರುತು ಸರಿಯಾಗಿ ಸಿಕ್ಕಿತು. ಹಾಗಾಗಿ ತಲೆಯ ಚಿತ್ರಗಳನ್ನು ಹೊರಗೆ ಹಂಚುವ ಮುನ್ನ ಮುಖದ ಭಾಗವನ್ನು ತೆಗೆಯಬೇಕು.

ದಿನಾಂಕಗಳನ್ನು ಪೂರ್ತಿ ಅಳಿಸಿದರೆ ಎರಡು ಸ್ಕ್ಯಾನ್‌ಗಳ ನಡುವಿನ ಅಂತರವೂ ಹೋಗುತ್ತದೆ. ಒಬ್ಬ ರೋಗಿಯ ಎಲ್ಲ ದಿನಾಂಕಗಳನ್ನೂ ಒಂದೇ ಅಳತೆಯಷ್ಟು ಸರಿಸುವುದು ರೂಢಿಯಲ್ಲಿರುವ ಉಪಾಯ. ನೀತಿ ಸಮಿತಿಯ ಅನುಮತಿ, ನಿಮ್ಮಲ್ಲಿನ ಕಾನೂನು, ಇವನ್ನು ಕೆಲಸ ಶುರುವಾಗುವ ಮೊದಲೇ ನೋಡಿ. ಹೊರಗಿನ ಯಾವುದೇ ಎಐ ಸೇವೆಗೆ ರೋಗಿಯ ವರದಿಯನ್ನು ಅಂಟಿಸುವುದು ಕೂಡ ದತ್ತಾಂಶವನ್ನು ಹೊರಗೆ ಕಳಿಸಿದಂತೆಯೇ. ಇದನ್ನು ಜಾಣರೂ ಮರೆಯುತ್ತಾರೆ.

6. ದತ್ತಾಂಶಕ್ಕೆ ಒಂದು ಸಣ್ಣ ಪ್ರಶ್ನೆ ಕೇಳಿ

ಈಗ ಕೋಡ್. ಮೊದಲು ಎಸ್‌ಕ್ಯೂಎಲ್, ಅಂದರೆ ಕೋಷ್ಟಕಗಳಿಂದ ಮಾಹಿತಿ ಕೇಳುವ ಭಾಷೆ. ಅದರಲ್ಲಿ ಆರಿಸುವುದು, ಸೋಸುವುದು, ಎರಡು ಕೋಷ್ಟಕ ಜೋಡಿಸುವುದು, ಗುಂಪು ಮಾಡಿ ಎಣಿಸುವುದು ಬಂದರೆ ಅರ್ಧ ಕೆಲಸ ಆಯಿತು. ಪೈಥಾನ್ ಆಮೇಲೆ. ಡೈಕಾಮ್ ಕಡತ ಓದಲು ಅದರಲ್ಲಿ ಪೈಡೈಕಾಮ್ ಎಂಬ ಸಿದ್ಧ ಸಲಕರಣೆ ಇದೆ.

ಮೊದಲ ಪ್ರಶ್ನೆಯಾಗಿ ಇದನ್ನು ತೆಗೆದುಕೊಳ್ಳಿ: ತುರ್ತು ವಿಭಾಗದ ಸಿಟಿ ಮುಗಿದ ಮೇಲೆ ವರದಿಗೆ ಎಷ್ಟು ಹೊತ್ತಾಗುತ್ತದೆ? ಕೇಳಲು ಸರಳ, ಉತ್ತರಿಸಲು ಕಷ್ಟ. 'ಮುಗಿದದ್ದು' ಎಂದರೆ ಕೊನೆಯ ಚಿತ್ರ ತೆಗೆದಾಗಲೋ, ತಂತ್ರಜ್ಞರು 'ಮುಗಿಯಿತು' ಎಂದು ಒತ್ತಿದಾಗಲೋ? ಬಿಡುವಿಲ್ಲದ ರಾತ್ರಿ ಅವರು ಹತ್ತು ರೋಗಿಗಳದ್ದನ್ನು ಒಟ್ಟಿಗೆ ಒತ್ತಿರಬಹುದು. 'ವರದಿ' ಎಂದರೆ ತಾತ್ಕಾಲಿಕ ವರದಿಯೋ, ಅಂತಿಮ ಸಹಿಯೋ? ಯಂತ್ರದ ಗಡಿಯಾರ ಸರ್ವರಿನದಕ್ಕಿಂತ ಆರು ನಿಮಿಷ ಮುಂದಿದ್ದರೆ ಕೆಲವು ವರದಿಗಳು ಸ್ಕ್ಯಾನಿಗಿಂತ ಮೊದಲೇ ಬಂದಂತೆ ಕಾಣುತ್ತವೆ. ಅಂಥ ಋಣ ಸಂಖ್ಯೆಗಳನ್ನು ಸದ್ದಿಲ್ಲದೆ ಅಳಿಸಬೇಡಿ. ಎಷ್ಟಿವೆ, ಏಕಿವೆ ಎಂದು ಬರೆಯಿರಿ, ಅದೇ ನಿಮ್ಮ ಮೊದಲ ಶೋಧ.

ಸರಾಸರಿ ಕೊಡಬೇಡಿ. ಮೂರು ದಿನ ಮರೆತುಹೋದ ಒಂದೇ ವರದಿ ಇಡೀ ತಿಂಗಳ ಸರಾಸರಿಯನ್ನು ಎಳೆದೊಯ್ಯುತ್ತದೆ. ಮಧ್ಯಾಂಕವನ್ನೂ, ನೂರರಲ್ಲಿ ತೊಂಬತ್ತು ವರದಿಗಳು ಎಷ್ಟರೊಳಗೆ ಬಂದವು ಎಂಬುದನ್ನೂ ಕೊಡಿ. ವೈದ್ಯರ ಹೆಸರುಗಳನ್ನು ಸಾಲಾಗಿ ಜೋಡಿಸಿದ ಪಟ್ಟಿಯನ್ನು ಮೊದಲ ಸಭೆಗೆ ಒಯ್ಯಲೇಬೇಡಿ. ಆ ನಂತರ ನಿಮಗೆ ಯಾರೂ ದತ್ತಾಂಶ ಕೊಡುವುದಿಲ್ಲ.

ಚಿತ್ರಗಳ ಜೊತೆ ಕೆಲಸ ಮಾಡುವವರಿಗೆ ಒಂದು ತಾಂತ್ರಿಕ ಬಲೆ. ಸಿಟಿ ಕಡತದಲ್ಲಿರುವ ಸಂಖ್ಯೆ ಹೌನ್ಸ್‌ಫೀಲ್ಡ್ ಮೌಲ್ಯವೇ, ಅಂದರೆ ಅಂಗಾಂಶ ಎಕ್ಸ್‌ರೇಯನ್ನು ಎಷ್ಟು ತಡೆಯುತ್ತದೆಂಬ ಅಳತೆಯೇ, ಆಗಿರಬೇಕೆಂದಿಲ್ಲ. ಅದನ್ನು ರೀಸ್ಕೇಲ್ ಸ್ಲೋಪ್‌ನಿಂದ ಗುಣಿಸಿ ರೀಸ್ಕೇಲ್ ಇಂಟರ್‌ಸೆಪ್ಟ್ ಕೂಡಿಸಬೇಕು. ಎರಡೂ ಶೀರ್ಷಿಕೆ ಭಾಗದಲ್ಲೇ ಇರುತ್ತವೆ. ನೀರು 0, ಗಾಳಿ −1000 ಆಸುಪಾಸು ಬರುತ್ತದೆಯೇ ನೋಡಿ, ಮುಂದಕ್ಕೆ ಹೋಗಿ.

7. ಎಚ್ಚರಿಕೆ ಸಂದೇಶ ಮತ್ತು ಎಐಯನ್ನು ಅಳೆಯಲು ಕಲಿಯಿರಿ

ಔಷಧ ಬರೆಯುವಾಗ ಪರದೆಯಲ್ಲಿ ಧುತ್ತೆಂದು ಬರುವ ಎಚ್ಚರಿಕೆಗಳನ್ನು ನೀವೇ ಎಷ್ಟು ಸಲ ಓದದೆ ಮುಚ್ಚಿದ್ದೀರಿ? 2006ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಒಟ್ಟುಗೂಡಿಸಿದ ಅಧ್ಯಯನಗಳಲ್ಲಿ, ಔಷಧ ಸುರಕ್ಷತೆಯ ಎಚ್ಚರಿಕೆಗಳಲ್ಲಿ ಶೇ. 49ರಿಂದ 96ರಷ್ಟನ್ನು ವೈದ್ಯರು ತಳ್ಳಿಹಾಕಿದ್ದರು. ಹೊಸ ಎಚ್ಚರಿಕೆ ಬೇಕೆಂದು ಯಾರಾದರೂ ಕೇಳಿದಾಗ ಇದನ್ನು ನೆನಪಿಸಿ. ಬದಲಿಗೆ ಯಾವ ಹಳೆಯದನ್ನು ತೆಗೆಯೋಣ ಎಂದು ಕೇಳಿ.

ಎಐ ಬಗ್ಗೆ ಒಂದು ಲೆಕ್ಕವನ್ನು ಕೈಯಿಂದ ಮಾಡಿ. ಮಾರಾಟಗಾರರು "ಸಂವೇದನಶೀಲತೆ ಶೇ. 95, ನಿರ್ದಿಷ್ಟತೆ ಶೇ. 95" ಎನ್ನುತ್ತಾರೆ. ಅಂದರೆ ರೋಗವಿರುವ ನೂರರಲ್ಲಿ 95ನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 95ನ್ನು ಸರಿಯಾಗಿ ಬಿಡುತ್ತದೆ. ನಿಮ್ಮಲ್ಲಿ ಆ ರೋಗ ನೂರಕ್ಕೆ ಒಬ್ಬರಲ್ಲಿದೆ ಎನ್ನೋಣ. 10,000 ಸ್ಕ್ಯಾನ್‌ಗಳಲ್ಲಿ ರೋಗವಿರುವವು 100, ಹಿಡಿಯುವುದು 95. ರೋಗವಿಲ್ಲದ 9,900ರಲ್ಲಿ ಸುಳ್ಳು ಕೂಗು 495. ಒಟ್ಟು 590 ಕೂಗುಗಳಲ್ಲಿ ನಿಜವಾದವು 95, ಅಂದರೆ ಶೇ. 16. ಉಳಿದ 495ನ್ನು ನೋಡುವವರು ಯಾರು, ಯಾವ ಹೊತ್ತಿನಲ್ಲಿ? ಈ ಪ್ರಶ್ನೆಗೆ ಉತ್ತರವಿಲ್ಲದ ಎಐ ಪ್ರಸ್ತಾಪವನ್ನು ಮುಂದಕ್ಕೆ ಕಳಿಸಬೇಡಿ.

ಇನ್ನೊಂದು ಆಸ್ಪತ್ರೆಯ ದತ್ತಾಂಶದಿಂದ ಕಲಿತ ಎಐ ಮಾದರಿ ನಿಮ್ಮಲ್ಲಿ ಹಾಗೆಯೇ ನಡೆಯುತ್ತದೆಂಬ ಖಾತರಿ ಇಲ್ಲ. ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಗುರುತಿಸುವ ಮಾದರಿಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚಿತ್ರ ಯಾವ ಆಸ್ಪತ್ರೆಯದೆಂಬುದನ್ನೇ ಮಾದರಿ ಬಹಳ ಚೆನ್ನಾಗಿ ಕಂಡುಹಿಡಿಯುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಹೆಚ್ಚಿದ್ದರೆ ಶ್ವಾಸಕೋಶ ನೋಡದೆಯೇ ಅಂಕ ಗಿಟ್ಟಿಸಲು ಅಷ್ಟು ಸಾಕು. ಹಾಗಾಗಿ ಕೊಳ್ಳುವ ಮುನ್ನ ನಿಮ್ಮದೇ ಹಳೆಯ ತಪಾಸಣೆಗಳ ಮೇಲೆ ಓಡಿಸಿ. ಕೆಲವು ವಾರ ಅದರ ಉತ್ತರ ಯಾರಿಗೂ ಕಾಣದಂತೆ ಹಿನ್ನೆಲೆಯಲ್ಲಿ ಓಡಲಿ. ಆಮೇಲೆ ಮಾತ್ರ ಪರದೆಗೆ ತನ್ನಿ.

8. ಒಂದು ಸಣ್ಣ ಕೆಲಸವನ್ನು ಕೊನೆಯ ತನಕ ಮಾಡಿ

ತರಬೇತಿಯ ಉಳಿದ ಭಾಗ ಕಲಿಯುವುದು ಇಲ್ಲಿಯೇ. ಎರಡನೆಯ ಹಂತದಲ್ಲಿ ಕಂಡ ಬಿರುಕುಗಳಲ್ಲಿ ಒಂದನ್ನು ಎತ್ತಿಕೊಳ್ಳಿ. ತಿದ್ದುಪಡಿ ವರದಿ ಬಂದಾಗ ಕೋರಿದ ವೈದ್ಯರಿಗೆ ತಿಳಿಯುವಂತೆ ಮಾಡುವುದು ಒಳ್ಳೆಯ ಆಯ್ಕೆ. ಇಡೀ ಪ್ಯಾಕ್ಸ್ ಬದಲಾಯಿಸುವುದು ಮೊದಲ ಯೋಜನೆಯಾಗಬಾರದು.

ಇಬ್ಬರು ಮಾರ್ಗದರ್ಶಕರು ಬೇಕು: ಒಬ್ಬರು ವೈದ್ಯರು, ಇನ್ನೊಬ್ಬರು ತಾಂತ್ರಿಕ ಸಿಬ್ಬಂದಿ. ಈಗಿನ ಸ್ಥಿತಿಯನ್ನು ಮೊದಲೇ ಅಳೆದಿಡಿ. ಬದಲಾವಣೆ ಆದ ಮೇಲೆ ಅಳೆಯಲು ಹೊರಟರೆ ಹೋಲಿಸಲು ಏನೂ ಇರುವುದಿಲ್ಲ. ಪರೀಕ್ಷಾ ವ್ಯವಸ್ಥೆಯಲ್ಲಿ ಓಡಿಸಿ, ಒಂದೇ ವಾರ್ಡಿನಲ್ಲಿ ಆರಂಭಿಸಿ. ಶುಕ್ರವಾರ ಸಂಜೆ ಚಾಲೂ ಮಾಡಬೇಡಿ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ವಿಧಾನವನ್ನು, ಆ ನಿರ್ಧಾರ ಯಾರದು ಎಂಬುದನ್ನು ಬರೆದಿಡಿ.

ನರ್ಸ್‌ಗಳನ್ನೂ ತಂತ್ರಜ್ಞರನ್ನೂ ಮೊದಲ ವಾರದಿಂದಲೇ ಸೇರಿಸಿಕೊಳ್ಳಿ. ವೈದ್ಯರಿಗೆ ಎರಡು ಕ್ಲಿಕ್ ಉಳಿಸಿ ನರ್ಸ್‌ಗೆ ಆರು ಕ್ಲಿಕ್ ಹೊರಿಸಿದ 'ಸುಧಾರಣೆ' ಆರು ವಾರವೂ ಬಾಳುವುದಿಲ್ಲ.

ಯೋಜನೆ ಮುಗಿಯಿತು ಎನ್ನುವ ಮುನ್ನ ಒಂದು ಪುಟದ ಹಸ್ತಾಂತರ ಪತ್ರ ಬರೆಯಿರಿ. ಇದು ಏನು ಮಾಡುತ್ತದೆ, ಯಾವ ಸಂದೇಶದ ಯಾವ ಸಾಲನ್ನು ನೆಚ್ಚಿಕೊಂಡಿದೆ, ಕೆಟ್ಟುಹೋದರೆ ಮೊದಲು ಕಾಣುವ ಲಕ್ಷಣವೇನು, ತಂತ್ರಾಂಶದ ಆವೃತ್ತಿ ಬದಲಾದಾಗ ಏನನ್ನು ಮತ್ತೆ ಪರೀಕ್ಷಿಸಬೇಕು, ನೀವು ಬೇರೆ ವಿಭಾಗಕ್ಕೆ ಹೋದ ಮೇಲೆ ಇದರ ಹೊಣೆ ಯಾರದು. ಕೊನೆಯ ಸಾಲಿನಲ್ಲಿ ಒಬ್ಬರ ಹೆಸರೂ ಹುದ್ದೆಯೂ ಇರಬೇಕು. "ಐಟಿ ವಿಭಾಗ" ಎಂದಷ್ಟೇ ಬರೆದಿದ್ದರೆ ಪತ್ರ ಇನ್ನೂ ಮುಗಿದಿಲ್ಲ.